ಮೂರಕ್ಕೂ ಒಂದೇ ಕೆಂಪು ಗೀಟು: ಹಾವೇರಿ ಜಿಲ್ಲೆಯ ಒಂದು ಕ್ಲಸ್ಟರಿನ ಪ್ರಕರಣ ಅಧ್ಯಯನ

402ರಲ್ಲಿ 178 ಕಳೆದರೆ ಎಷ್ಟು? 5ನೇ ತರಗತಿಯ 29 ಮಕ್ಕಳಿಗೆ ಈ ಲೆಕ್ಕ ಕೊಟ್ಟಿದ್ದೆ. 19 ಮಕ್ಕಳದು ತಪ್ಪಾಯಿತು. ಅದಕ್ಕೂ ಮೊದಲು 40 ನಿಮಿಷ ಅದೇ ಪಾಠವನ್ನು ನಾನೇ ಮಾಡಿದ್ದೆ. ಹಿಂದಿನ ಸಾಲಿನಲ್ಲಿ ಕ್ಲಸ್ಟರಿನ (ಹತ್ತಿರದ ಸರ್ಕಾರಿ ಶಾಲೆಗಳ ಗುಂಪಿನ) 6 ಜನ ಶಿಕ್ಷಕರು ಕುಳಿತು ನೋಡುತ್ತಿದ್ದರು. ಅವರಿಗೆ ತರಬೇತಿ ಕೊಡಬೇಕಾದವಳು ನಾನು.

ಇದು ನಡೆದದ್ದು 2023ರ ಆಗಸ್ಟ್‌ನಲ್ಲಿ. ನಾನು ಆ ವರ್ಷವೇ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆಗಿ ಬಂದಿದ್ದೆ. ನಮ್ಮದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರದ ಕ್ಲಸ್ಟರ್. 11 ಸರ್ಕಾರಿ ಶಾಲೆಗಳು. ಅದರಲ್ಲಿ 4 ಶಾಲೆಗಳಲ್ಲಿ ಇಬ್ಬರೇ ಶಿಕ್ಷಕರು. ಮಕ್ಕಳ ಮನೆಯವರು ಹೆಚ್ಚಿನವರು ಹೊಲದ ಕೂಲಿಗೆ, ಇಲ್ಲವೇ ಸುಗ್ಗಿಯಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸುವ ಕೆಲಸಕ್ಕೆ ಹೋಗುವವರು. ಶಾಲೆಗಳ ಹೆಸರು, ಶಿಕ್ಷಕರ ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ನಂಬಿ ತೋರಿಸಿದ ನೋಟ್‌ಬುಕ್ಕುಗಳು ಇವು.

ಸಭೆ ಹೇಗೆ ನಡೆಯುತ್ತಿತ್ತು

ತಿಂಗಳಿಗೊಂದು ಸಮಾಲೋಚನಾ ಸಭೆ. ಶಿಕ್ಷಕರಾದವರಿಗೆಲ್ಲ ಇದು ಗೊತ್ತು. ಶನಿವಾರ ಬೆಳಗಿನ ಶಾಲೆ ಮುಗಿಸಿ ಎಲ್ಲರೂ ಒಂದು ಶಾಲೆಯಲ್ಲಿ ಸೇರುತ್ತೇವೆ. ಹಾಜರಿ ಹಾಕುತ್ತೇವೆ. ಸಿಆರ್‌ಪಿ ಮೇಲಿನಿಂದ ಬಂದ ಸುತ್ತೋಲೆ ಓದುತ್ತಾರೆ. ಸ್ಯಾಟ್ಸ್‌ನಲ್ಲಿ (ಮಕ್ಕಳ ಮಾಹಿತಿಯ ಸರ್ಕಾರಿ ಜಾಲತಾಣ) ಯಾರದು ಬಾಕಿ, ಬಿಸಿಯೂಟದ ಲೆಕ್ಕ ಯಾರು ಕೊಟ್ಟಿಲ್ಲ, ಅದೆಲ್ಲ ಆಗುತ್ತದೆ. ಕೊನೆಯ ಅರ್ಧ ತಾಸಿನಲ್ಲಿ ಒಂದು 'ಶೈಕ್ಷಣಿಕ ವಿಷಯ'. ಅಷ್ಟರಲ್ಲಿ ಗಿರ್ಮಿಟ್, ಮಿರ್ಚಿ ಬಂದಿರುತ್ತವೆ. ಬಸ್ಸಿನ ಹೊತ್ತೂ ಆಗಿರುತ್ತದೆ.

ನಮ್ಮಲ್ಲಿ ತರಬೇತಿಗೆ ಬರ ಇಲ್ಲ. 2019ರಲ್ಲಿ ಕೇಂದ್ರದ ಶಿಕ್ಷಕರ ತರಬೇತಿ ನಿಷ್ಠಾ ಬಂತು. ಮರುವರ್ಷ ಅದು ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯಲ್ಲಿ 18 ಮಾಡ್ಯೂಲ್ ಆಗಿ ಮೊಬೈಲಿಗೇ ಬಂತು. 2022ರಲ್ಲಿ ಕೋವಿಡ್ ಹೊತ್ತಿನಲ್ಲಿ ತಪ್ಪಿದ ಕಲಿಕೆ ತುಂಬುವ ಕಲಿಕಾ ಚೇತರಿಕೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷಕ್ಕೆ 50 ತಾಸು ವೃತ್ತಿ ಕಲಿಕೆ ಇರಬೇಕು ಎನ್ನುತ್ತದೆ. ತಾಸು ತುಂಬುವುದು ಕಷ್ಟ ಅಲ್ಲ. ರಾಜ್ಯದಲ್ಲಿ ಕೇಳಿದವರು ಜಿಲ್ಲೆಗೆ ಹೇಳುತ್ತಾರೆ, ಜಿಲ್ಲೆಯಲ್ಲಿ ಕೇಳಿದವರು ತಾಲೂಕಿಗೆ, ತಾಲೂಕಿನವರು ನಮಗೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಸ್ಲೈಡು ಉಳಿದಿರುತ್ತದೆ, ಅದನ್ನು ಮಾಡಿದವರ ಯೋಚನೆ ಉಳಿದಿರುವುದಿಲ್ಲ.

ಅಮೆರಿಕದ ಶಿಕ್ಷಣ ಸಂಶೋಧಕರಾದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ಹೊತ್ತಿಗೇ ಶಿಕ್ಷಕರ ತರಬೇತಿಯ ಬಗ್ಗೆ ಒಂದು ಮಾತು ಹೇಳಿದ್ದರು. ಬರೀ ವಿಷಯ ಹೇಳಿ ಕಳಿಸಿದರೆ ಅದು ತರಗತಿಯೊಳಗೆ ಹೋಗುವುದು ತೀರಾ ಕಡಿಮೆ. ಮಾಡಿ ತೋರಿಸಬೇಕು, ಮಾಡಿಸಬೇಕು, ಆಮೇಲೆ ಶಾಲೆಯಲ್ಲೇ ಒಬ್ಬರು ಜೊತೆಗಿರಬೇಕು. ಸಿಆರ್‌ಪಿ ಎಂಬ ಜಾಗ ಇರುವುದು ಈ 'ಜೊತೆಗಿರುವ' ಕೆಲಸಕ್ಕೇ ಎಂದು ನಾನು ನಂಬಿದ್ದೇನೆ.

ಮೊದಲು ಮಾಡಿದ್ದು, ಕೆಟ್ಟದ್ದು

ಜುಲೈಯಲ್ಲಿ ನಾನು ಒಂದು ನಮೂನೆ ತಯಾರಿಸಿದೆ. ಒಬ್ಬರ ಪಾಠವನ್ನು ಇನ್ನೊಬ್ಬರು ನೋಡಿ ತುಂಬಬೇಕು. ಪೀಠಿಕೆ ಹೇಗಿತ್ತು, ಬೋಧನೋಪಕರಣ ಬಳಸಿದರಾ, ಪ್ರಶ್ನೆ ಕೇಳಿದರಾ, ಹೀಗೆ 16 ಅಂಶ. ಪ್ರತಿಯೊಂದಕ್ಕೂ 5 ಅಂಕ.

ಬಂದ ನಮೂನೆಗಳಲ್ಲಿ ಎಲ್ಲರಿಗೂ 80ಕ್ಕೆ 72ರ ಮೇಲೆ. ಒಂದೇ ಒಂದು ಟೀಕೆ ಇರಲಿಲ್ಲ. ಇದರಲ್ಲಿ ಅವರ ತಪ್ಪು ಕಾಣಿಸುವುದಿಲ್ಲ. ಜೊತೆಯಲ್ಲಿ ಕೂತು ಊಟ ಮಾಡುವವರಿಗೆ ಯಾರಾದರೂ ಕಡಿಮೆ ಅಂಕ ಹಾಕುತ್ತಾರಾ? ಅಂಕ ಇದ್ದಲ್ಲಿ ತಪಾಸಣೆ ಇರುತ್ತದೆ. ತಪಾಸಣೆ ಇದ್ದಲ್ಲಿ ಎಲ್ಲರೂ ತಮ್ಮ ಒಳ್ಳೆಯ ಪಾಠವನ್ನೇ ತೆಗೆದು ತೋರಿಸುತ್ತಾರೆ, ಹಬ್ಬಕ್ಕೆ ಪೆಟ್ಟಿಗೆಯಿಂದ ರೇಷ್ಮೆ ಸೀರೆ ತೆಗೆದ ಹಾಗೆ.

ಸಭೆಯಲ್ಲಿ ಒಬ್ಬ ಹಿರಿಯ ಮಾಸ್ತರು ಎದ್ದು ನಿಂತರು. 34 ವರ್ಷ ಸೇವೆ ಮಾಡಿದವರು. ಮಾರ್ಚ್ ಕೊನೆಗೆ ನಿವೃತ್ತಿ. ಸಿಟ್ಟಿಲ್ಲದೆ ಕೇಳಿದರು: "ಮೇಡಂ, ನೀವ ಒಂದು ಪಾಠ ಮಾಡಿ ತೋರಸ್ರಿ. ನಾವು ನೋಡ್ತೀವಿ. ಆಮ್ಯಾಲ ನಮ್ಮದು ನೋಡಾಕ ಬರ್ರಿ."

ಯಾವ ಪಾಠ ಮಾಡಲಿ ಎಂದು ಕೇಳಿದೆ. ಅವರು ಕೊಟ್ಟದ್ದು ಕಳೆಯುವ ಲೆಕ್ಕ. ನಡುವೆ ಸೊನ್ನೆ ಇರುವ ಸಂಖ್ಯೆ. 3ನೇ, 4ನೇ ತರಗತಿಯಲ್ಲಿ ಕಲಿಸಿಯೂ 5ನೇಯಲ್ಲಿ ಮತ್ತೆ ಮಕ್ಕಳು ಎಡವುವ ಜಾಗ ಅದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕಡ ತಗೊಂಡದ್ದು ಯಾವಾಗ ಕೊಡೋದು?

ನಾನು ಹೇಗೆ ಕಲಿತಿದ್ದೆನೋ ಹಾಗೇ ಕಲಿಸಿದೆ. 2ರಲ್ಲಿ 8 ಹೋಗುವುದಿಲ್ಲ. ಪಕ್ಕದ ಮನೆಯಿಂದ ಕಡ ತಗೋ. ಪಕ್ಕದ ಮನೆಯಲ್ಲಿ ಸೊನ್ನೆ ಇದೆ. ಅವರ ಹತ್ತಿರ ಏನೂ ಇಲ್ಲ, ಅವರು ಅದರಾಚೆಯ ಮನೆಯಿಂದ ಕಡ ತರುತ್ತಾರೆ. ಬೋರ್ಡಿನ ಮೇಲೆ 4 ಹೊಡೆದು 3, ಸೊನ್ನೆ ಹೊಡೆದು 10, ಅದನ್ನೂ ಹೊಡೆದು 9, ಬಿಡಿ ಸ್ಥಾನದಲ್ಲಿ 12. ಉತ್ತರ 224. ಎಲ್ಲರೂ ಒಟ್ಟಾಗಿ "ಹೌದ್ರೀ" ಎಂದರು.

ಎರಡನೇ ಸಾಲಿನ ಹುಡುಗಿ ಕೈ ಎತ್ತಿದಳು.

"ಅಕ್ಕೋರ, ಕಡಾ ತಗೊಂಡಿದ್ದು ತಿರುಗಿ ಯಾವಾಗ ಕೊಡೂದ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಲೆಕ್ಕದಾಗ ಹಂಗ ಇರತೈತಿ" ಎಂದು ಮುಂದೆ ಹೋದೆ. ಅವಳು ಕೂತಳು. ತನ್ನ ಮನೆಯಲ್ಲಿ ಕಡ ಎಂದರೆ ಏನು ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಸಂಘಕ್ಕೆ ವಾರವಾರ ಕಟ್ಟುತ್ತಾರೆ, ಅಂಗಡಿಗೆ ಸುಗ್ಗಿಯಲ್ಲಿ ಕೊಡುತ್ತಾರೆ. ಕೊಡದೇ ಇರುವ ಕಡ ಅವಳು ನೋಡಿಯೇ ಇಲ್ಲ. 14 ವರ್ಷ ನಾನು ಬಳಸಿದ ಮಾತೇ ತಪ್ಪು ದಾರಿ ತೋರಿಸುತ್ತಿತ್ತು. ಅಲ್ಲಿ ಯಾರೂ ಯಾರಿಂದಲೂ ಕಡ ತಗೊಳ್ಳುವುದಿಲ್ಲ. ಒಂದು ನೂರನ್ನು ಹತ್ತು ಹತ್ತಾಗಿ, ಒಂದು ಹತ್ತನ್ನು ಹತ್ತು ಬಿಡಿಯಾಗಿ ಮುರಿಯುತ್ತೇವೆ, ಅಷ್ಟೇ. ಒಟ್ಟು 402 ಹಾಗೇ ಇರುತ್ತದೆ.

ಪಾಠ ಮುಗಿದ ಮೇಲೆ ಅದೇ ಲೆಕ್ಕವನ್ನು ಬೋರ್ಡ್ ಅಳಿಸಿ ಮತ್ತೆ ಕೊಟ್ಟೆ. 19 ತಪ್ಪು.

ಮೂರು ಗುಡ್ಡೆ

ಮಕ್ಕಳು ಮನೆಗೆ ಹೋದರು. ನಾವು 7 ಜನ ನೆಲದ ಮೇಲೆ ಜಮಖಾನೆ ಹಾಸಿ ಕೂತೆವು. ಆ 19 ನೋಟ್‌ಬುಕ್ ನಡುವೆ ಇದ್ದವು. ಯಾರೂ ಮಾತಾಡಲಿಲ್ಲ. ನಾನೇ ಒಂದು ತಗೊಂಡು ಕೆಂಪು ಪೆನ್ನಿನಿಂದ ಗೀಟು ಹಾಕಲು ಹೋದೆ.

ಮಾಸ್ತರು ಕೈ ಅಡ್ಡ ಹಿಡಿದರು. "ತಡೀರಿ. ಇದರಾಗ 376 ಐತಿ. ಇದರಾಗ 234 ಐತಿ. ಎರಡಕ್ಕೂ ಒಂದ ಗೀಟು ಹ್ಯಾಂಗ ಹಾಕತೀರಿ?"

ಆಗ ನಾವು ಉತ್ತರ ನೋಡಿ ಗುಡ್ಡೆ ಮಾಡಿದೆವು. ಮೂರು ಗುಡ್ಡೆ ಆದವು.

ದೊಡ್ಡ ಗುಡ್ಡೆ 376. 11 ಮಕ್ಕಳು. ಇವರು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದರು. 8ರಲ್ಲಿ 2 ಹೋದರೆ 6. 7ರಲ್ಲಿ ಸೊನ್ನೆ ಹೋದರೆ 7. 4ರಲ್ಲಿ 1 ಹೋದರೆ 3. ಮೇಲಿನದು ಯಾವುದು, ಕೆಳಗಿನದು ಯಾವುದು ಎಂದು ಅವರು ನೋಡಲೇ ಇಲ್ಲ. 'ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು' ಎಂದು 1ನೇ ತರಗತಿಯಲ್ಲಿ ನಾವೇ ಹೇಳಿಕೊಟ್ಟಿದ್ದೇವೆ, ಅಲ್ವಾ? ಅದನ್ನೇ ಚಾಚೂ ತಪ್ಪದೆ ಮಾಡಿದ್ದರು.

ಎರಡನೇ ಗುಡ್ಡೆ 234. 5 ಮಕ್ಕಳು. ಇವರಿಗೆ ನೂರನ್ನು ಮುರಿಯಬೇಕು ಎಂದು ತಿಳಿದಿದೆ. 4 ಹೊಡೆದು 3 ಮಾಡಿದ್ದಾರೆ. ಸೊನ್ನೆಯನ್ನು 10 ಮಾಡಿದ್ದಾರೆ. ಆದರೆ ಆ ಹತ್ತರಲ್ಲಿ ಒಂದು ಬಿಡಿ ಸ್ಥಾನಕ್ಕೆ ಹೋಯಿತು ಎನ್ನುವುದು ಮರೆತಿದೆ. 9 ಆಗಬೇಕಾದ್ದು 10 ಆಗಿಯೇ ಉಳಿದಿದೆ. ಒಂದೇ ಹೆಜ್ಜೆ ಬಾಕಿ.

ಮೂರನೆಯದು 324. 3 ಮಕ್ಕಳು. ಇವರು ಸೊನ್ನೆಯನ್ನು ನೇರ 9 ಮಾಡಿದ್ದಾರೆ, 2ನ್ನು 12 ಮಾಡಿದ್ದಾರೆ, ಆದರೆ 4ನ್ನು ಮುಟ್ಟಿಲ್ಲ. ಬೋರ್ಡಿನ ಮೇಲೆ 9 ಬರುವುದು ನೆನಪಿದೆ. ಅದು ಎಲ್ಲಿಂದ ಬಂತು ಎಂದು ಗೊತ್ತಿಲ್ಲ.

ಮೂರು ಬೇರೆ ಬೇರೆ ಯೋಚನೆ. ಮೂರಕ್ಕೂ ಬೇರೆ ಬೇರೆ ಪಾಠ ಬೇಕು. ಇಷ್ಟು ವರ್ಷ ಮೂರಕ್ಕೂ ಒಂದೇ ಕೆಂಪು ಗೀಟು ಹಾಕಿ, ಕೆಳಗೆ ಸಹಿ ಮಾಡಿ, 'ತಿದ್ದಿ ಬರೆ' ಎಂದು ಕಳಿಸಿದ್ದೇವೆ. ಆ ಹೊತ್ತು ಆ ಕೋಣೆಯಲ್ಲಿ ಎಲ್ಲರಿಗೂ ಒಂದೇ ಸಲ ಇದು ಹೊಳೆಯಿತು. ಆ ಮುಖಗಳು ನನಗೆ ಇನ್ನೂ ನೆನಪಿವೆ.

ಆಮೇಲೆ ಓದಿ ತಿಳಿದದ್ದು: ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು ಸಂಶೋಧಕರು 1978ರಲ್ಲೇ ಮಕ್ಕಳ ಕಳೆಯುವ ಲೆಕ್ಕದ ತಪ್ಪುಗಳನ್ನು ಹೀಗೆ ವಿಂಗಡಿಸಿದ್ದರು. ಮಕ್ಕಳು ಸುಮ್ನೆ ಏನೋ ಬರೆಯುವುದಿಲ್ಲ, ತಮ್ಮದೇ ಒಂದು ನಿಯಮ ಹಿಡಿದು ಬರೆಯುತ್ತಾರೆ, ಆ ನಿಯಮ ತಪ್ಪಿರುತ್ತದೆ, ಅದನ್ನು ಹುಡುಕಬೇಕು. ನಮ್ಮ ಜಮಖಾನೆಯ ಮೇಲೆ ಸಿಕ್ಕದ್ದೂ ಅದೇ. ಪುಸ್ತಕದಲ್ಲಿ ಮೊದಲು ಓದಿದ್ದರೆ ನಾನು ಅದನ್ನೂ ಸ್ಲೈಡ್ ಮಾಡಿಬಿಡುತ್ತಿದ್ದೆ.

ನೋಟು ಮುರಿಸುವುದು

ಮುಂದಿನ ಪಾಠವನ್ನು ನಾವು 7 ಜನ ಸೇರಿ ಬರೆದೆವು. 'ಕಡ' ಎಂಬ ಮಾತು ಬಿಟ್ಟೆವು. 'ಮುರಿಯುವುದು' ಎಂದು ಇಟ್ಟುಕೊಂಡೆವು. ನೋಟು ಮುರಿಸುವುದು ಮಕ್ಕಳಿಗೆ ಗೊತ್ತು. ಮಾಸ್ತರು ಒಂದು ವಾರ ಮಕ್ಕಳಿಂದ ತೆಂಗಿನ ಗರಿಯ ಕಡ್ಡಿ ತರಿಸಿ, ಹತ್ತರ ಕಟ್ಟು ಕಟ್ಟಿಸಿ, ಅಂಥ ಹತ್ತು ಕಟ್ಟು ಸೇರಿಸಿ ನೂರರ ಕಟ್ಟು ಮಾಡಿಸಿದರು.

ಪಾಠ ಮಾಡಿದ್ದು ಒಬ್ಬ ಹೊಸ ಟೀಚರ್. ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಈ ಸಲ ನಾವು ಹಿಂದೆ ಕೂರಲಿಲ್ಲ. ಒಬ್ಬೊಬ್ಬರು ನಾಲ್ಕೈದು ಮಕ್ಕಳ ಪಕ್ಕದಲ್ಲಿ ಕೂತೆವು. ನನ್ನ ಪಕ್ಕ ಇದ್ದ ಹುಡುಗ ಹಿಂದಿನ ಸಲ 376 ಬರೆದವನು. ಅವನ ಮುಂದೆ ನೂರರ 4 ಕಟ್ಟು, 2 ಬಿಡಿ ಕಡ್ಡಿ. 8 ಕೊಡಬೇಕು. ಎರಡನ್ನೂ ಕೊಟ್ಟ. ಸುತ್ತ ನೋಡಿದ. ಹತ್ತರ ಕಟ್ಟು ಹುಡುಕಿದ, ಇಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ನೂರರ ಕಟ್ಟಿನ ರಬ್ಬರ್ ಬಿಚ್ಚಿದ. ಒಳಗಿಂದ ಹತ್ತು ಸಣ್ಣ ಕಟ್ಟು ಬಿದ್ದವು. "ಒಳಗ ಅದಾವಲಾ!" ಎಂದ. ಅಷ್ಟೊತ್ತಿಗೆ ನನಗೂ ಕೈ ನಡುಗುತ್ತಿತ್ತು.

ಆಮೇಲೆ ಟೀಚರ್ ಹಣದ ಲೆಕ್ಕ ಕೇಳಿದರು. ಅವ್ವನ ಹತ್ತಿರ 402 ರೂಪಾಯಿ ಇತ್ತು, ಕಿರಾಣಿ ಅಂಗಡಿಯಲ್ಲಿ 178 ಕೊಟ್ಟಳು. ಅದೇ ಹುಡುಗ ಪೆನ್ಸಿಲ್ ಮುಟ್ಟದೆ ಹೇಳಿದ: "178ಕ್ಕ 2 ಹಾಕಿದ್ರ 180. 20 ಹಾಕಿದ್ರ 200. ಮ್ಯಾಲ 202. 224 ರೂಪಾಯಿರಿ." ಅಂಗಡಿಯವರು ಚಿಲ್ಲರೆ ಎಣಿಸಿ ಕೊಡುವ ರೀತಿ ಅದು. 1985ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಬ್ರೆಜಿಲ್‌ನ ರೆಸಿಫೆ ಊರಿನಲ್ಲಿ ಬೀದಿಯಲ್ಲಿ ವ್ಯಾಪಾರ ಮಾಡುವ ಐವರು ಮಕ್ಕಳನ್ನು ಹೀಗೇ ನೋಡಿದ್ದಾರೆ. ವ್ಯಾಪಾರದಲ್ಲಿ ಅವರ ಲೆಕ್ಕ ಶೇ 98 ಸರಿ. ಅದೇ ಲೆಕ್ಕ ಬರೀ ಅಂಕಿಯಲ್ಲಿ ಕೊಟ್ಟಾಗ ಶೇ 37. ನಮ್ಮ ಹುಡುಗನೂ ಅಂಥವನೇ. ಅವನಿಗೆ ಲೆಕ್ಕ ಬರುತ್ತಿತ್ತು. ಕಾಗದದ ಮೇಲೆ ಬರೆಯುವ ನಮ್ಮ ರೀತಿ ಅವನಿಗೆ ಸಂಬಂಧವಿಲ್ಲದ ಆಟ ಆಗಿತ್ತು.

ನಾವು ಇಟ್ಟುಕೊಂಡ ಕಟ್ಟಳೆ

ಇದು ಹೊಸ ಪದ್ಧತಿ ಅಲ್ಲ. ಜಪಾನಿನಲ್ಲಿ ಶಿಕ್ಷಕರು ಸೇರಿ ಒಂದು ಪಾಠ ಕಟ್ಟಿ, ಒಬ್ಬರು ಮಾಡಿ, ಉಳಿದವರು ಮಕ್ಕಳನ್ನು ನೋಡಿ, ಮತ್ತೆ ತಿದ್ದುವ ರೂಢಿ ಬಹಳ ಹಳೆಯದು. ನಮ್ಮಲ್ಲೂ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ.ಕೋಟೆಯಲ್ಲಿ ನಲಿಕಲಿ (ಕಾರ್ಡುಗಳಿಂದ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಶುರುವಾದಾಗ ಶಿಕ್ಷಕರೇ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಕೂತು ಕಾರ್ಡು ಬರೆದರು. ಶಿಕ್ಷಕರು ಕಟ್ಟಿದ್ದಕ್ಕೆ ಇರುವ ಬಲ ಬೇರೆ.

ಶಾಲೆ ಬಿಟ್ಟು ಬರುವುದು ಇಬ್ಬರೇ ಇರುವ ಶಾಲೆಯವರಿಗೆ ಸಾಧ್ಯವಿರಲಿಲ್ಲ. ಅದಕ್ಕೆ ಶನಿವಾರ ಸಭೆ ನಡೆಯುವ ಶಾಲೆಯಲ್ಲೇ ಒಂದು ತರಗತಿಯ ಮಕ್ಕಳನ್ನು ಊಟ ಆದ ಮೇಲೆ 40 ನಿಮಿಷ ಉಳಿಸಿಕೊಂಡೆವು. ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಮನೆಯವರಿಗೆ ಹೇಳಿ ಒಪ್ಪಿಸಿದರು. ಸುತ್ತೋಲೆಗಳನ್ನು ಹಿಂದಿನ ದಿನವೇ ಗುಂಪಿಗೆ ಕಳಿಸಿ, ಸಭೆಯಲ್ಲಿ ಓದುವುದು ನಿಲ್ಲಿಸಿದೆ. ಇದಕ್ಕೆ ಮೇಲಿನವರಿಂದ ಒಂದೆರಡು ಪ್ರಶ್ನೆ ಬಂದವು, ಉತ್ತರ ಕೊಟ್ಟೆ.

ನೋಡುವವರಿಗೆ ಒಂದೇ ನಿಯಮ. ಮಗು ಏನು ಮಾಡಿತು, ಏನು ಹೇಳಿತು ಎಂದು ಮಾತ್ರ ಬರೆಯಬೇಕು. ಚರ್ಚೆಯಲ್ಲಿ 'ನೀವು' ಎಂದು ಮಾತು ಶುರು ಮಾಡುವಂತಿಲ್ಲ. "ನೀವು ಬೇಗ ಹೇಳಿಬಿಟ್ರಿ" ಎನ್ನುವ ಬದಲು "ಈ ಹುಡುಗ ಕಟ್ಟು ಬಿಚ್ಚೋದ್ರಾಗ ಉತ್ತರ ಬೋರ್ಡಿಗೆ ಬಂತು" ಎನ್ನಬೇಕು. ಮೊದಲ ಎರಡು ಸಭೆ ಬಹಳ ತಡವರಿಸಿದೆವು. ಬಾಯಿಗೆ ಮೊದಲು ಬರುವುದೇ 'ನೀವು'.

ನನ್ನಿಂದ ಆದ ಗಾಯ

ಅಕ್ಟೋಬರಿನಲ್ಲಿ, ದಸರಾ ರಜೆ ಮುಗಿದ ಮೇಲೆ, ನಾನು ಒಂದು ತಪ್ಪು ಮಾಡಿದೆ. ಆ ಹೊಸ ಟೀಚರ್ ಭಿನ್ನರಾಶಿ ಪಾಠ ಮಾಡುತ್ತಿದ್ದರು. ಚೆನ್ನಾಗಿ ನಡೆದಿತ್ತು. ಖುಷಿಯಿಂದ ಬೋರ್ಡಿನ ಫೋಟೋ ತೆಗೆದು ತಾಲೂಕಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಬೋರ್ಡಿನ ಮೂಲೆಯಲ್ಲಿ ಒಂದು ಅಂಕಿ ತಪ್ಪಿತ್ತು. ನಾನು ನೋಡಿರಲಿಲ್ಲ. ಗುಂಪಿನಲ್ಲಿದ್ದವರು ನೋಡಿದರು. ಒಬ್ಬರು ಅದಕ್ಕೆ ಗುಂಡು ಸುತ್ತಿ ವಾಪಸ್ ಹಾಕಿದರು. ಕೆಳಗೆ ನಗುವ ಚಿತ್ರಗಳು ಬಂದವು.

ಮುಂದಿನ ಸಭೆಗೆ ಆ ಟೀಚರ್ ರಜೆ ಹಾಕಿದರು. ಅದರ ಮುಂದಿನದಕ್ಕೂ. ಫೋನ್ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಅವರ ಶಾಲೆಗೆ ಹೋದೆ. ಸಂದರ್ಶಕರ ಪುಸ್ತಕ ತರಿಸಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಮಕ್ಕಳ ಜೊತೆ ಕೂತು ಉಂಡು, ಅವರ ಎದುರು ಕೈ ಮುಗಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೇಡಂ, ನಾನು ತಪ್ಪು ಬರದಿದ್ದಕ್ಕ ಬ್ಯಾಸರ ಇಲ್ರೀ. ಅಲ್ಲಿ ಇದ್ದವ್ರಿಗೆ ಮಾತ್ರ ತೋರಿಸಿದ್ದೆ. ಅದನ್ನ ಊರಿಗೆಲ್ಲ ತೋರಿಸಿದ್ರಿ" ಎಂದರು. ಕ್ಷಮಿಸಿ ಎನ್ನುವುದು ಬಿಟ್ಟರೆ ನನ್ನ ಹತ್ತಿರ ಮಾತಿರಲಿಲ್ಲ.

ಆ ದಿನದಿಂದ ಪಾಠದ ಹೊತ್ತಿಗೆ ಎಲ್ಲರ ಮೊಬೈಲು ಒಂದು ಬುಟ್ಟಿಯಲ್ಲಿ. ಮೊದಲು ನನ್ನದು. ವರದಿಗೆ ಫೋಟೋ ಬೇಕು ಎಂದರೆ ಸಭೆ ಮುಗಿದ ಮೇಲೆ ಎಲ್ಲರೂ ನಿಂತ ಒಂದು ಫೋಟೋ. ಅವರು ಜನವರಿಯಲ್ಲಿ ತಿರುಗಿ ಬಂದರು.

ಶಿಕ್ಷಕರ ಕಲಿಕೆಯನ್ನು ಮುನ್ನಡೆಸುವವರಿಗೆ ನಾನು ಹೇಳಬೇಕಾದ ಒಂದೇ ಮಾತಿದ್ದರೆ ಅದು ಇದರ ಬಗ್ಗೆ. ತಪ್ಪು ತೋರಿಸಲು ಒಂದು ಜಾಗ ಕಟ್ಟಲು ತಿಂಗಳುಗಳು ಬೇಕು. ಅದು ಕೆಡಲು ಒಂದು ಫೋಟೋ ಸಾಕು.

ಎಷ್ಟು ಆಯಿತು, ಎಷ್ಟು ಆಗಲಿಲ್ಲ

ಆ 5ನೇ ತರಗತಿಗೆ ಫೆಬ್ರವರಿಯಲ್ಲಿ 503ರಲ್ಲಿ 267 ಕಳೆಯಲು ಕೊಟ್ಟೆವು. ಆ ದಿನ 24 ಮಕ್ಕಳಿದ್ದರು. 19 ಸರಿ. ಮೊದಲಿನ ಸಲ ತಪ್ಪಿದ್ದೇ 19 ಎನ್ನುವುದು ಮಾಸ್ತರಿಗೆ ನೆನಪಿತ್ತು. ಆ ದಿನ ಬರದಿದ್ದ 5 ಮಕ್ಕಳು ಮೆಣಸಿನಕಾಯಿ ಸುಗ್ಗಿಯಲ್ಲಿ ತಾಯಂದಿರ ಜೊತೆ ಹೋಗಿದ್ದರು. ಆ ಐವರು ಏನು ಬರೆಯುತ್ತಿದ್ದರೋ. ಸುಗ್ಗಿಯ ಹೊತ್ತಿನಲ್ಲಿ ಪಾಠ ಹೇಗೆ ಎಂಬುದಕ್ಕೆ ನಮ್ಮ ಹತ್ತಿರ ಇನ್ನೂ ದಾರಿ ಇಲ್ಲ.

11ರಲ್ಲಿ 2 ಶಾಲೆಗಳು ಕೊನೆಯವರೆಗೂ ಪಾಠ ತೋರಿಸಲು ಒಪ್ಪಲಿಲ್ಲ. ಬಂದು ಕೂತು ನೋಡುತ್ತಿದ್ದರು. ನಾನು ಒತ್ತಾಯ ಮಾಡಲಿಲ್ಲ. ಕನ್ನಡ, ಇಂಗ್ಲಿಷ್ ಪಾಠ ಮಾಡುವವರು 'ಎಲ್ಲ ಗಣಿತದ್ದೇ ಆಯಿತು' ಎಂದು ಬೇಸರ ಮಾಡಿಕೊಂಡರು. ಅದು ನಿಜ. ಒತ್ತಕ್ಷರದ ತಪ್ಪುಗಳನ್ನೂ ಹೀಗೇ ಗುಡ್ಡೆ ಮಾಡಬಹುದಿತ್ತು. ಈ ವರ್ಷ ಅದನ್ನು ಶುರು ಮಾಡಿದ್ದೇವೆ. ಇನ್ನು ವರ್ಗಾವಣೆ ಬಂದರೆ ಈ ಗುಂಪಿನಲ್ಲಿ ಯಾರು ಉಳಿಯುತ್ತಾರೋ ಹೇಳಲಾಗದು. ನಾನೂ ಅವಧಿ ಮುಗಿದ ಮೇಲೆ ಶಾಲೆಗೆ ವಾಪಸ್ ಹೋಗುವವಳು. ಅದಕ್ಕೇ ಸಭೆ ನಡೆಸುವ ಕೆಲಸವನ್ನು ಜನವರಿಯಿಂದ ಸರದಿ ಮಾಡಿದೆವು. ಈಗ ನಾನು ತಿಂಗಳು ಬಿಟ್ಟು ತಿಂಗಳು ಬರೀ ನೋಡುವವಳು.

ಮಾಸ್ತರರ ಪಾಠ

ಮಾರ್ಚ್ ಮೊದಲ ಶನಿವಾರದ ಪಾಠ ಹಿರಿಯ ಮಾಸ್ತರರದು. ಅವರೇ ಕೇಳಿ ತಗೊಂಡದ್ದು. 34 ವರ್ಷದಲ್ಲಿ ತಪಾಸಣೆಗೆ ಬಂದವರನ್ನು ಬಿಟ್ಟರೆ ಬೇರೆ ಯಾರೂ ತಮ್ಮ ತರಗತಿಯಲ್ಲಿ ಕೂತಿಲ್ಲ ಎಂದರು. ಅವರು ಆರಿಸಿದ್ದು ಭಾಗಾಕಾರ. 612ನ್ನು 6ರಿಂದ ಭಾಗಿಸಬೇಕು. ಉತ್ತರದ ನಡುವಿನ ಸೊನ್ನೆ ಪ್ರತಿ ವರ್ಷ ಕಳೆದುಹೋಗುತ್ತದೆ, ಎಲ್ಲಿ ಹೋಗುತ್ತದೆ ಎಂದು ತಮಗೆ ಇನ್ನೂ ತಿಳಿದಿಲ್ಲ ಎಂದು ನಮ್ಮೆಲ್ಲರ ಎದುರು ಹೇಳಿದರು.

ಪಾಠ ಆಯಿತು. ಮಕ್ಕಳು ಬರೆದುಕೊಟ್ಟು ಹೊರಟರು. ಜಮಖಾನೆ ಹಾಸಿದೆವು. 102 ಒಂದು ಗುಡ್ಡೆ. 12 ಒಂದು ಗುಡ್ಡೆ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಗೆ ಒಂದೇ ಒಂದು ನೋಟ್‌ಬುಕ್ ಉಳಿಯಿತು. ಅದರಲ್ಲಿ 120 ಇತ್ತು.

ಹೊಸ ಟೀಚರ್ ಹೇಳಿದರು, ಮೂರು ಅಂಕಿ ಬರಬೇಕು ಎಂದು ಗೊತ್ತಿದ್ದು ಸೊನ್ನೆಯನ್ನು ಕೊನೆಗೆ ಹಾಕಿರಬಹುದು. ಇನ್ನೊಬ್ಬರು, ಪಕ್ಕದವನದು ನೋಡಿ ಅದಲು ಬದಲಾಗಿರಬಹುದು ಎಂದರು. ನಾನು ಬೇರೇನೋ ಹೇಳಿದೆ.

ಮಾಸ್ತರು ಕನ್ನಡಕ ತೆಗೆದು ನೋಟ್‌ಬುಕ್ ಹತ್ತಿರ ಹಿಡಿದು ನೋಡಿದರು. "ನಾವ್ಯಾಕ ಅಂದಾಜು ಮಾಡೂದು? ಬರದಾವ ಇನ್ನೂ ಅಗಸಿ ದಾಟಿರಂಗಿಲ್ಲ" ಎಂದು ಎದ್ದರು. ಚಪ್ಪಲಿ ಹಾಕಿಕೊಳ್ಳದೆ, ನೋಟ್‌ಬುಕ್ ಕೈಯಲ್ಲಿ ಹಿಡಿದು, ಆ ಹುಡುಗನ ಹೆಸರು ಕೂಗುತ್ತಾ ಗೇಟಿನ ಕಡೆ ಹೊರಟರು.